ನಿಮ್ಮ ಪುಡ್ಡಿಂಗ್ ಗಟ್ಟಿಯಾಗುವುದು ಯಾವುದರಿಂದ?



ಈದ್‌ನ ದಿನ ನಿಮ್ಮ ಅಡುಗೆಮನೆಯಿಂದ ಎಷ್ಟು ಬಟ್ಟಲುಗಳು ನೆರೆಮನೆಗಳಿಗೆ ಹೋಗುತ್ತವೆ? ಎಂದಾದರೂ ಎಣಿಸಿದ್ದೀರಾ? ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಗಂಡಸರು ಈದ್‌ಗಾಹ್‌ನಿಂದ ಮರಳುವ ಹೊತ್ತಿಗೆ ಸುರಕುಂಬಾದ ಪಾತ್ರೆ ಒಲೆಯಿಂದ ಇಳಿದಿರುತ್ತದೆ. ಮೊದಲು ಮನೆಯ ಹಿರಿಯರಿಗೆ, ಆಮೇಲೆ ನೆರೆಯವರಿಗೆ. ನೆರೆಯವರೆಂದರೆ ನಮ್ಮವರಷ್ಟೇ ಅಲ್ಲ. ಲಿಂಗಾಯತರಿದ್ದಾರೆ, ಮರಾಠರಿದ್ದಾರೆ, ಒಂದು ಜೈನರ ಮನೆಯೂ ಇದೆ. ಅವರಲ್ಲಿ ಮಾಂಸ ತಿನ್ನದವರಿಗೆ ಬಿರಿಯಾನಿ ಕಳಿಸಲಾಗದು, ಆದ್ದರಿಂದ ಸಿಹಿ ಕಳಿಸುತ್ತೇವೆ. ಅದರಲ್ಲಿ ಏನೇನಿದೆ ಎಂದು ಅವರು ಕೇಳುವುದಿಲ್ಲ. ಹಾಲು, ಸಕ್ಕರೆ, ಶಾವಿಗೆ, ಉತ್ತತ್ತಿ. ಇದರಲ್ಲಿ ಕೇಳುವಂಥದ್ದೇನಿದೆ?

2019ರ ಈದುಲ್ ಫಿತ್ರ್ ಜೂನ್ ತಿಂಗಳಲ್ಲಿ ಬಂತು. ಬಿಸಿಲಿನ ಧಗೆ ಇನ್ನೂ ಇಳಿದಿರಲಿಲ್ಲ. ಈ ಸಲ ತಣ್ಣಗಿನದೇನಾದರೂ ಮಾಡೋಣವೆಂದು ಹಣ್ಣಿನ ಪುಡ್ಡಿಂಗ್ ಮಾಡಿದೆ. ನಾದಿನಿ ದುಬೈಯಿಂದ ಬರುವಾಗ ತಂದಿದ್ದ ಪುಡಿಯ ಡಬ್ಬಿಯೊಂದು ಮನೆಯಲ್ಲಿತ್ತು. ಮೇಲೆ ಅರಬಿಯಲ್ಲಿ 'ಹಲಾಲ್' ಎಂದು ಬರೆದಿತ್ತು. ಅಷ್ಟು ಸಾಕಲ್ಲ ಎಂದುಕೊಂಡೆ. ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ, ಹಾಲಿಗೆ ಬೆರೆಸಿ, ಆಪೂಸ್ ಮಾವಿನ ಹೋಳು ಹಾಕಿ ಫ್ರಿಜ್‌ನಲ್ಲಿಟ್ಟೆ. ಸೊಗಸಾಗಿ ಗಟ್ಟಿಯಾಯಿತು. ಪಕ್ಕದ ಮನೆಯ ಅವ್ವಾರಿಗೂ ಒಂದು ಬಟ್ಟಲು ಕಳಿಸಿದೆ. ಅವ್ವಾರು ಲಿಂಗಾಯತರು, ಎಪ್ಪತ್ತು ದಾಟಿದವರು. ಮಾಂಸವಿರಲಿ, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟಿದವರಲ್ಲ. "ಭಾಳ ಛಲೋ ಆಗೇದ್ರಿ ಅಕ್ಕೋರ, ಬಾಯಾಗ ಇಟ್ರ ಕರಗತದ" ಎಂದು ತಮ್ಮ ಕಟ್ಟೆಯ ಮೇಲಿಂದಲೇ ಹೇಳಿದರು.

ಮರುದಿನ ನನ್ನ ಮಗಳು ಆ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ಓದುತ್ತಿದ್ದಳು. ಆಗ ಅವಳು ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದಳು. "ಅಮ್ಮಿ, ಇದು ಜೆಲೆಟಿನ್. ದನದ್ದು ಅಂತ ಸಣ್ಣ ಅಕ್ಷರದಲ್ಲಿ ಬರೆದಿದೆ. ಇದನ್ನು ಚರ್ಮ, ಮೂಳೆಯಿಂದ ತೆಗೆಯುತ್ತಾರೆ. ಅವ್ವಾರಿಗೂ ಕೊಟ್ಟಿರಲ್ಲ?" ಎಂದಳು.

ನನಗೆ ಮಾತೇ ಹೊರಡಲಿಲ್ಲ. ನಾನು ಮದ್ರಸಾದಲ್ಲಿ ಓದಿದವಳು, ಆಮೇಲೆ ಬಿ.ಎ. ಮುಗಿಸಿದವಳು. ವರ್ಷಗಟ್ಟಲೆ ಹೆಣ್ಣುಮಕ್ಕಳಿಗೆ ಹಲಾಲ್-ಹರಾಮ್‌ಗಳ ಪಾಠ ಹೇಳಿಕೊಂಡು ಬಂದವಳು. 'ಹಲಾಲ್' ಎಂಬ ಒಂದು ಪದ ಕಂಡೊಡನೆ ಓದುವುದನ್ನೇ ನಿಲ್ಲಿಸಿಬಿಟ್ಟಿದ್ದೆ. ನನಗೆ ಹಲಾಲ್ ಆದದ್ದು ಅವ್ವಾರಿಗೂ ಆಗುತ್ತದೆಯೇ ಎಂಬ ಯೋಚನೆಯೇ ಬಂದಿರಲಿಲ್ಲ.

ಮುಚ್ಚಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಮನಸ್ಸು ಒಪ್ಪಲಿಲ್ಲ. ಸಂಜೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವ್ವಾರು ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಬಳಿಕ, "ಗೊತ್ತಿಲ್ಲದ ಆಗೇದ. ನೀವಾಗೇ ಬಂದು ಹೇಳಿದ್ರಲ್ಲ, ಇರ್ಲಿ ಬಿಡ್ರಿ" ಎಂದರು. ನಾಲ್ಕು ದಿನದ ಮೇಲೆ ಬಟ್ಟಲು ತೊಳೆದು ಬಂತು. ನಮ್ಮ ಓಣಿಯಲ್ಲಿ ಯಾರೂ ಬಟ್ಟಲನ್ನು ಖಾಲಿ ಹಿಂದಿರುಗಿಸುವುದಿಲ್ಲ, ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ಆ ಸಲ ಬಟ್ಟಲು ಖಾಲಿ ಬಂದಿತ್ತು.

ಈ ಲೇಖನ ಬರೆಯಲು ಆ ಖಾಲಿ ಬಟ್ಟಲೇ ಕಾರಣ.

ಪಾಯಾ ಶೋರ್ಬಾದಲ್ಲಿ ಇರುವುದೇ ಇದು

ಜೆಲೆಟಿನ್ ಎಂದರೇನೆಂದು ತಿಳಿಯಲು ದೊಡ್ಡ ಪುಸ್ತಕ ಬೇಡ. ರಾತ್ರಿ ಉಳಿದ ಪಾಯಾ ಶೋರ್ಬಾವನ್ನು ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ನೋಡಿ. ಪಾತ್ರೆ ಅಲ್ಲಾಡಿಸಿದರೆ ಸಾರು ಜೆಲ್ಲಿಯಂತೆ ನಡುಗುತ್ತದೆ. ಒಲೆಯ ಮೇಲಿಟ್ಟರೆ ಮತ್ತೆ ನೀರಾಗುತ್ತದೆ. ಕಾಲು, ಕೀಲು, ಚರ್ಮ, ನರಗಳಲ್ಲಿ ಕೊಲಾಜೆನ್ ಎಂಬ ಪ್ರೋಟೀನ್ ಇರುತ್ತದೆ. ಅದನ್ನು ಬಹಳ ಹೊತ್ತು ಕುದಿಸಿದಾಗ ಬಿಟ್ಟುಕೊಳ್ಳುವ ಅಂಟೇ ಜೆಲೆಟಿನ್.

ಕಾರ್ಖಾನೆಯಲ್ಲಿ ನಡೆಯುವುದೂ ಇದೇ, ದೊಡ್ಡ ಪ್ರಮಾಣದಲ್ಲಿ. ಮೂಳೆಗಳನ್ನು ತೊಳೆದು, ಪುಡಿಮಾಡಿ, ಆಮ್ಲದಲ್ಲಿ ನೆನೆಸಿ ಸುಣ್ಣದಂಶವನ್ನು ತೆಗೆಯುತ್ತಾರೆ. ಉಳಿದ ಮೆತ್ತನೆಯ ಭಾಗವನ್ನು ಸುಣ್ಣದ ನೀರಿನಲ್ಲಿ ವಾರಗಟ್ಟಲೆ ಇಟ್ಟು, ಬಿಸಿನೀರಿನಲ್ಲಿ ಕರಗಿಸಿ, ಸೋಸಿ, ಒಣಗಿಸಿ ಪುಡಿಮಾಡುತ್ತಾರೆ. ಹಂದಿಯ ಚರ್ಮವಾದರೆ ಸುಣ್ಣದ ಬದಲು ಆಮ್ಲವನ್ನೇ ಹೆಚ್ಚಾಗಿ ಬಳಸುತ್ತಾರೆ. ಅದು ಬೇಗ ಮುಗಿಯುತ್ತದೆ. ಕೊನೆಗೆ ಸಿಗುವ ಪುಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಅದು ಯಾವ ಪ್ರಾಣಿಯದೆಂದು ಕಣ್ಣಾಗಲಿ ನಾಲಿಗೆಯಾಗಲಿ ಹೇಳಲಾರದು.

ನಮ್ಮ ದೇಶದಲ್ಲಿ ಕೇರಳ, ಗುಜರಾತ್, ಮಧ್ಯಪ್ರದೇಶಗಳಲ್ಲಿ ಜೆಲೆಟಿನ್ ಕಾರ್ಖಾನೆಗಳಿವೆ. ಇಲ್ಲಿ ಮುಖ್ಯವಾಗಿ ಬಳಕೆಯಾಗುವುದು ದನ, ಎಮ್ಮೆಗಳ ಮೂಳೆ. ಯುರೋಪಿನಲ್ಲಿ ಆಹಾರದ ಜೆಲೆಟಿನ್ ಬಹುಪಾಲು ಹಂದಿಯ ಚರ್ಮದಿಂದ ಬರುತ್ತದೆ. ಮೀನಿನ ಚರ್ಮದಿಂದಲೂ ತೆಗೆಯುತ್ತಾರೆ, ಆದರೆ ಅದು ಕಡಿಮೆ.

ಎಲ್ಲೆಲ್ಲಿ ಇರುತ್ತದೆ?

ಮಕ್ಕಳು ಇಷ್ಟಪಡುವ, ರಬ್ಬರಿನಂತೆ ಎಳೆದರೆ ಹಿಗ್ಗುವ ಕರಡಿಯಾಕಾರದ ಮಿಠಾಯಿಗಳಲ್ಲಿ, ಹತ್ತಿಯಂತೆ ಮೃದುವಾದ ಮಾರ್ಷ್‌ಮ್ಯಾಲೋಗಳಲ್ಲಿ, ಕೆಲವು ಜಗಿಯುವ ಟಾಫಿಗಳಲ್ಲಿ, ಕೆಲವು ಜೆಲ್ಲಿ ಪುಡಿಗಳಲ್ಲಿ ಜೆಲೆಟಿನ್ ಇರುತ್ತದೆ. ಬೇಕರಿಯಲ್ಲಿ ಸಿಗುವ ಮೂಸ್, ಒಲೆಗಿಡದ ಚೀಸ್ ಕೇಕ್, ಕನ್ನಡಿಯಂತೆ ಹೊಳೆಯುವ ಮೇಲ್ಪದರದ ಕೇಕ್‌ಗಳಲ್ಲೂ ಇರಬಹುದು. ಎಲ್ಲ ಬೇಕರಿಯವರೂ ಇದನ್ನೇ ಹಾಕುತ್ತಾರೆಂದು ನಾನು ಹೇಳುತ್ತಿಲ್ಲ. ಪಾಚಿಯ ಅಂಟನ್ನು ಬಳಸುವವರೂ ಅನೇಕರಿದ್ದಾರೆ. ಬಿಡಿಯಾಗಿ ಕೊಳ್ಳುವಾಗ ಕೇಳಿ ಕೊಳ್ಳಿ. ಕೇಳುವುದು ಅವಮಾನವಲ್ಲ.

ಒಂದು ಎಚ್ಚರಿಕೆಯ ಮಾತು. ಔಷಧಿಯ ಕ್ಯಾಪ್ಸೂಲ್‌ಗಳ ಹೊರಕವಚವೂ ಹೆಚ್ಚಾಗಿ ಜೆಲೆಟಿನ್‌ನದೇ. ಇದನ್ನು ಓದಿ ಯಾರೂ ಗುಳಿಗೆ ನುಂಗುವುದನ್ನು ನಿಲ್ಲಿಸಬೇಡಿ. ಕಾಯಿಲೆಯವರ ವಿಚಾರ ಬೇರೆ, ಬಾಯಿಚಪಲದ ಮಿಠಾಯಿಯ ವಿಚಾರ ಬೇರೆ. ಮನಸ್ಸಿಗೆ ಸಮಾಧಾನವಿಲ್ಲದಿದ್ದರೆ ಅದೇ ಔಷಧಿ ಮಾತ್ರೆಯಾಗಿ ಅಥವಾ ಸಸ್ಯಮೂಲದ ಕವಚದಲ್ಲಿ ಸಿಗುತ್ತದೆಯೇ ಎಂದು ಡಾಕ್ಟರನ್ನು ಕೇಳಿ. ಸಿಗದಿದ್ದರೆ ಆಲಿಮರನ್ನು ಕೇಳಿ. ಅಲ್ಲಿಯವರೆಗೆ ಔಷಧಿ ಬಿಡಬೇಡಿ.

ಶರೀಅತ್ ಏನು ಹೇಳುತ್ತದೆ?

ಹಂದಿಯ ಮಾಂಸ ನಿಷಿದ್ಧವೆಂಬುದು ನಮ್ಮ ಮನೆಯ ಸಣ್ಣ ಮಗುವಿಗೂ ಗೊತ್ತು. ಶರೀಅತ್‌ನಂತೆ ಝಬಹ್ ಮಾಡಿದ ಹಲಾಲ್ ಪ್ರಾಣಿಯ ಜೆಲೆಟಿನ್ ಬಗ್ಗೆಯೂ, ಮೀನಿನ ಜೆಲೆಟಿನ್ ಬಗ್ಗೆಯೂ ತೊಡಕಿಲ್ಲ. ತೊಡಕಿರುವುದು ಉಳಿದುದರಲ್ಲಿ. ಝಬಹ್ ಆಗಿದೆಯೋ ಇಲ್ಲವೋ ತಿಳಿಯದ ದನದ ಮೂಳೆ, ಅಥವಾ ಹಂದಿಯ ಚರ್ಮವೇ ಆಗಿದ್ದು ರಾಸಾಯನಿಕ ಕ್ರಿಯೆಯಿಂದ ಪೂರ್ತಿ ಬೇರೆ ವಸ್ತುವಾಯಿತೆಂದು ಹೇಳಲಾಗುವ ಜೆಲೆಟಿನ್. ಒಂದು ವಸ್ತು ತನ್ನ ಮೂಲ ಗುಣವನ್ನು ಕಳೆದುಕೊಂಡು ಇನ್ನೊಂದೇ ಆಗುವುದನ್ನು ಫಿಕ್ಹ್‌ನಲ್ಲಿ 'ಇಸ್ತಿಹಾಲಾ' ಎನ್ನುತ್ತಾರೆ. ಮದ್ಯ ತಾನಾಗಿ ವಿನಿಗರ್ ಆಗುವುದು ಇದಕ್ಕೆ ಮದ್ರಸಾಗಳಲ್ಲಿ ಕೊಡುವ ಉದಾಹರಣೆ. ಜೆಲೆಟಿನ್‌ನಲ್ಲಿ ಇಂಥ ಪೂರ್ಣ ಬದಲಾವಣೆ ಆಗುತ್ತದೆಯೇ ಎಂಬುದೇ ಪ್ರಶ್ನೆ.

ವಿದ್ವಾಂಸರಲ್ಲಿ ಒಮ್ಮತವಿಲ್ಲ. 1986ರಲ್ಲಿ ಜೋರ್ಡಾನಿನ ಅಮ್ಮಾನ್ ನಗರದಲ್ಲಿ ಸಭೆ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು ಹಂದಿಯಿಂದ ತೆಗೆದ ಜೆಲೆಟಿನ್ ಆಹಾರದಲ್ಲಿ ಸಲ್ಲದು, ಸಸ್ಯಮೂಲದ ಅಂಟು ಅಥವಾ ಝಬಹ್ ಮಾಡಿದ ಪ್ರಾಣಿಯ ಜೆಲೆಟಿನ್ ಇರುವಾಗ ಅದರ ಅಗತ್ಯವೂ ಇಲ್ಲ ಎಂಬ ತೀರ್ಮಾನ ಕೊಟ್ಟಿತು. 1995ರಲ್ಲಿ ಕುವೈತ್‌ನಲ್ಲಿ ಇಸ್ಲಾಮೀ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ನಡೆಸಿದ ವಿಚಾರಗೋಷ್ಠಿಯು ಇಸ್ತಿಹಾಲಾದ ವಾದವನ್ನು ಒಪ್ಪಿ, ಹಾಗೆ ಬದಲಾದ ಜೆಲೆಟಿನ್ ಶುದ್ಧವೆಂದಿತು. ಎರಡು ಕಡೆಯೂ ಓದಿದವರೇ ಇದ್ದಾರೆ.

ನಾನು ಮುಫ್ತಿಯಲ್ಲ. ಇವೆರಡರಲ್ಲಿ ಯಾವುದು ಸರಿ ಎಂದು ತೀರ್ಪು ಕೊಡುವ ಅರ್ಹತೆ ನನಗಿಲ್ಲ. ನೀವು ನಂಬುವ ಆಲಿಮರನ್ನು ಕೇಳಿ ನಡೆಯಿರಿ. ಆದರೆ ಹಲಾಲ್ ಮತ್ತು ಹರಾಮ್‌ಗಳ ನಡುವೆ ಸಂದೇಹದ ಸಂಗತಿಗಳೂ ಇರುತ್ತವೆ, ಅವುಗಳಿಂದ ದೂರವಿದ್ದವನ ಧರ್ಮವೂ ಮಾನವೂ ಉಳಿಯುತ್ತವೆ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದು ನಮಗೆಲ್ಲ ಗೊತ್ತು. ಒಂದು ಮಿಠಾಯಿಗಾಗಿ ಆ ಸಂದೇಹದೊಳಗೆ ಇಳಿಯಬೇಕೇ? ಅದೂ ಸಂದೇಹವಿಲ್ಲದ ವಸ್ತು ನಮ್ಮ ಅಡುಗೆಮನೆಯಲ್ಲೇ ಇರುವಾಗ?

ಹಲಾಲ್ ಬೇರೆ, ಶಾಕಾಹಾರ ಬೇರೆ

ನಾನು ಎಡವಿದ್ದು ಇಲ್ಲಿಯೇ. ಸಹೋದರಿ, ಈ ಭಾಗವನ್ನು ದಯವಿಟ್ಟು ಗಮನವಿಟ್ಟು ಓದಿ.

'ಹಲಾಲ್' ಮುದ್ರೆ ಇರುವ ಜೆಲೆಟಿನ್ ನಮಗೆ ಸಲ್ಲಬಹುದು. ಆದರೆ ಅದು ದನದ್ದೋ ಮೀನಿನದೋ ಆಗಿರುತ್ತದೆ. ಮಾಂಸ ತಿನ್ನದ ನೆರೆಯವರಿಗೆ ಅದು ಮಾಂಸವೇ. ಇನ್ನೊಂದು ಕಡೆ, ಹಸಿರು ಚುಕ್ಕೆ ಇರುವ ಪದಾರ್ಥದಲ್ಲಿ ಜೆಲೆಟಿನ್ ಇರುವುದಿಲ್ಲ. ಆದರೆ ಹಸಿರು ಚುಕ್ಕೆ ಪ್ರಾಣಿಮೂಲದ ಬಗ್ಗೆ ಮಾತ್ರ ಹೇಳುತ್ತದೆ, ಮದ್ಯದ ಬಗ್ಗೆ ಹೇಳುವುದಿಲ್ಲ. ರಮ್ ಅಥವಾ ವೈನ್ ಸೇರಿಸಿದ ಸಿಹಿಗೂ ಹಸಿರು ಚುಕ್ಕೆ ಇರಬಹುದು. ಹೀಗೆ ಎರಡು ಗುರುತುಗಳು ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ. ಒಂದನ್ನು ನೋಡಿ ಇನ್ನೊಂದನ್ನು ಊಹಿಸಬಾರದು.

ನಮ್ಮ ದೇಶದಲ್ಲಿ ಮಾಂಸಾಹಾರಕ್ಕೆ ಕಂದು ಗುರುತು ಕಡ್ಡಾಯವಾದದ್ದು 2001ರಲ್ಲಿ. ಅದರ ಬೆನ್ನಿಗೇ ಸಸ್ಯಾಹಾರದ ಹಸಿರು ಗುರುತೂ ಬಂತು. ಹಾಲು, ಹಾಲಿನ ಪದಾರ್ಥಗಳನ್ನು ಬಿಟ್ಟು ಪ್ರಾಣಿಯಿಂದ ಬಂದ ಅಂಶಗಳು, ಮೊಟ್ಟೆಯೂ ಸೇರಿದಂತೆ, ಕಂದು ಗುರುತಿಗೆ ಬರುತ್ತವೆ. ಮೊದಲು ಎರಡೂ ದುಂಡು ಚುಕ್ಕೆಗಳೇ ಆಗಿದ್ದವು. ಬಣ್ಣ ಗುರುತಿಸಲಾಗದವರಿಗೆ ಅನುಕೂಲವಾಗಲೆಂದು 2020ರ ಲೇಬಲ್ ನಿಯಮಗಳು ಕಂದು ಚುಕ್ಕೆಯನ್ನು ತ್ರಿಕೋನವಾಗಿ ಬದಲಿಸಿದವು. ಹಾಲನ್ನೂ ಬಳಸದ, ಸಂಪೂರ್ಣ ಸಸ್ಯಮೂಲದ ಆಹಾರಕ್ಕೆ 2022ರ ನಿಯಮಗಳ ಪ್ರಕಾರ 'ವೀಗನ್' ಎಂಬ ಬೇರೆಯೇ ಗುರುತಿದೆ. ಹಸಿರು ಬಣ್ಣದ ಇಂಗ್ಲಿಷ್ 'ವಿ' ಅಕ್ಷರ, ಅದರ ಮೇಲೊಂದು ಎಲೆ.

ಕಂದು ಗುರುತು ಕಂಡರೆ ಜೆಲೆಟಿನ್ ಇದೆ ಎಂದೇ ಅರ್ಥವಲ್ಲ, ಮೊಟ್ಟೆಯೂ ಇರಬಹುದು. ಆಗ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಬೇಕು. 'ಜೆಲೆಟಿನ್' ಎಂದಿದ್ದರೆ ಪ್ರಾಣಿಯದು. ಪೆಕ್ಟಿನ್ ಅಥವಾ 440, ಅಗರ್ ಅಥವಾ 406, ಕ್ಯಾರಗೀನನ್ ಅಥವಾ 407 ಎಂದಿದ್ದರೆ ಅದು ಹಣ್ಣಿನ ಇಲ್ಲವೇ ಸಮುದ್ರಪಾಚಿಯ ಅಂಟು. ಈ ಮೂರು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಪರ್ಸ್‌ನಲ್ಲಿಟ್ಟುಕೊಳ್ಳಿ.

ಕೊಲ್ಲಿ ದೇಶಗಳಿಂದ ಸೂಟ್‌ಕೇಸ್‌ನಲ್ಲಿ ಬರುವ ಪೊಟ್ಟಣಗಳಿಗೆ ನಮ್ಮ ಹಸಿರು-ಕಂದು ಗುರುತು ಇರುವುದಿಲ್ಲ. ಅರಬಿ ಅಕ್ಷರ ಕಂಡ ಮಾತ್ರಕ್ಕೆ ಅದು ಅರಬ್ ದೇಶದಲ್ಲೇ ತಯಾರಾದದ್ದೆಂದು ತಿಳಿಯಬೇಡಿ. ಬೇರೆಡೆ ತಯಾರಾಗಿ ಅಲ್ಲಿ ಮಾರಾಟವಾಗುವುದಕ್ಕೂ ಅರಬಿ ಬರಹ ಇರುತ್ತದೆ. ಓದಿ, ತಿಳಿಯದಿದ್ದರೆ ಮನೆಯ ಓದುವ ಮಕ್ಕಳಿಗೆ ಕೊಡಿ. ಅವರ ಕಣ್ಣು ನಮಗಿಂತ ಚುರುಕು.

ನಮ್ಮ ಹಿರಿಯರ ಸಿಹಿಗೆ ಮೂಳೆ ಬೇಕಿರಲಿಲ್ಲ

ನಮ್ಮ ಸೀಮೆಯ ಹೆಸರಾಂತ ಸಿಹಿಗಳನ್ನೇ ನೋಡಿ. ಧಾರವಾಡ ಪೇಢೆ ಗಟ್ಟಿಯಾಗುವುದು ಹಾಲನ್ನು ಬತ್ತಿಸಿ, ಖೋವಾವನ್ನು ಸಕ್ಕರೆಯೊಂದಿಗೆ ಸಣ್ಣ ಉರಿಯಲ್ಲಿ ಕಂದಾಗುವವರೆಗೆ ಹುರಿಯುವುದರಿಂದ. ಅದಕ್ಕೆ ಬೇಕಾದದ್ದು ತಾಳ್ಮೆ, ಅಂಟಲ್ಲ. ಗೋಕಾಕ ಮತ್ತು ಅಮೀನಗಡದ ಕರದಂಟಿನ ಹೆಸರಲ್ಲೇ ಅದರ ಗುಟ್ಟಿದೆ. ಕರಿದ ಅಂಟು, ಅದೇ ಕರದಂಟು. ಮರದಿಂದ ಒಸರುವ ಅಂಟನ್ನು ತುಪ್ಪದಲ್ಲಿ ಅರಳಿಸಿ, ಒಣಹಣ್ಣು, ಬೆಲ್ಲದ ಪಾಕದೊಂದಿಗೆ ಸೇರಿಸುತ್ತಾರೆ. ಬಾಣಂತಿಯರಿಗೆ ಕೊಡುವ ಅಂಟಿನ ಉಂಡೆಗೂ ಇದೇ ಅಂಟು. ಗೋಧಿ ನೆನೆಸಿ, ರುಬ್ಬಿ, ಹಾಲು ಹಿಂಡಿ ಮಾಡುವ ಹಲ್ವ ಗೋಧಿಯ ಪಿಷ್ಟದಿಂದಲೇ ಮಿರಮಿರ ಮಿಂಚುತ್ತದೆ. ಬಣ್ಣಬಣ್ಣದ ಬಾಂಬೆ ಹಲ್ವ ರಬ್ಬರಿನಂತೆ ಬಾಗುತ್ತದೆ, ಆದರೆ ಅದರಲ್ಲಿರುವುದು ಕಾರ್ನ್‌ಫ್ಲೋರ್.

ದೂರದ ತುರ್ಕಿಯ ಲೋಕುಮ್ ಕೂಡ ಹೀಗೆಯೇ. ಗಂಟಲಿಗೆ ಹಿತ ಎಂಬರ್ಥದ 'ರಾಹತುಲ್ ಹುಲ್ಕೂಮ್' ಎಂಬ ಅರಬಿ ಹೆಸರಿನಿಂದ ಬಂದ ಪದ ಅದು. ಹಳೆಯ ಪದ್ಧತಿಯ ಲೋಕುಮ್ ಸಕ್ಕರೆ ಮತ್ತು ಪಿಷ್ಟದಿಂದ ಆದದ್ದು, ನಮ್ಮ ಬಾಂಬೆ ಹಲ್ವದ ಸೋದರಸಂಬಂಧಿ. ಈಗ ಕೆಲವರು ಅದಕ್ಕೂ ಜೆಲೆಟಿನ್ ಹಾಕುತ್ತಾರೆ.

ಮಾರ್ಷ್‌ಮ್ಯಾಲೋದ ಕಥೆ ಇನ್ನೂ ಸ್ವಾರಸ್ಯ. ಅದು ಮೂಲದಲ್ಲಿ ಒಂದು ಗಿಡದ ಹೆಸರು. ಆ ಗಿಡದ ಬೇರಿನ ಲೋಳೆಯಿಂದ ಹಿಂದೆ ಫ್ರಾನ್ಸಿನಲ್ಲಿ ಈ ಮಿಠಾಯಿ ಮಾಡುತ್ತಿದ್ದರು. ಆಮೇಲೆ ಸುಲಭವೂ ಅಗ್ಗವೂ ಆದ ಜೆಲೆಟಿನ್ ಬಂತು. ಬೇರು ಹೋಯಿತು, ಹೆಸರು ಮಾತ್ರ ಉಳಿಯಿತು. ಆ ಗಿಡ ನಿಮಗೆ ಅಪರಿಚಿತವಲ್ಲ. ಕೆಮ್ಮು-ನೆಗಡಿಗೆ ಹಕೀಮರು ಕೊಡುವ ಜೋಶಾಂದಾದಲ್ಲಿ 'ಖತ್ಮಿ' ಇರುತ್ತದಲ್ಲ, ಅದೇ ಇದು!

ಚೀನಾ ಗ್ರಾಸ್: ಅಡುಗೆಮನೆಯಿಂದ ಪ್ರಯೋಗಾಲಯಕ್ಕೆ

ರಮಝಾನ್‌ನಲ್ಲಿ ಶಹಾ ಬಜಾರ್‌ಗೆ ಹೋದವರಿಗೆ ಚೀನಾ ಗ್ರಾಸ್ ಗೊತ್ತೇ ಇರುತ್ತದೆ. ಒಣಗಿದ ಬಿಳಿ ಹುಲ್ಲಿನ ಕಟ್ಟಿನಂತೆ ಕಾಣುತ್ತದೆ. ಪುಡಿಯಾಗಿಯೂ ಸಿಗುತ್ತದೆ, ಆಗ ಅದನ್ನು ಅಗರ್ ಅಗರ್ ಎನ್ನುತ್ತಾರೆ. ಹುಲ್ಲೂ ಅಲ್ಲ, ಚೀನಾದಿಂದಲೇ ಬರಬೇಕೆಂದೂ ಇಲ್ಲ. ಇದು ಕೆಂಪು ಜಾತಿಯ ಸಮುದ್ರಪಾಚಿಯ ಅಂಟು. ತಮಿಳುನಾಡಿನ ರಾಮನಾಥಪುರಂ ಕರಾವಳಿಯಲ್ಲಿ ಹೆಂಗಸರು ಸಮುದ್ರಕ್ಕಿಳಿದು, ಮುಳುಗಿ ಈ ಪಾಚಿಯನ್ನು ಕಿತ್ತು ತರುತ್ತಾರೆ. ಮಧುರೈ ಸುತ್ತಮುತ್ತಲ ಘಟಕಗಳಲ್ಲಿ ಅದನ್ನು ಬೇಯಿಸಿ, ಸೋಸಿ, ಒಣಗಿಸುತ್ತಾರೆ.

ಇದರ ಬಗ್ಗೆ ಒಂದು ಸಂಗತಿಯನ್ನು ನಾನು ನನ್ನ ವಿದ್ಯಾರ್ಥಿನಿಯರಿಗೆ ಯಾವಾಗಲೂ ಹೇಳುತ್ತೇನೆ. 1881ರ ಸುಮಾರಿಗೆ ಜರ್ಮನಿಯಲ್ಲಿ ರಾಬರ್ಟ್ ಕೋಕ್ ಎಂಬ ವಿಜ್ಞಾನಿ ರೋಗಾಣುಗಳನ್ನು ಜೆಲೆಟಿನ್ ಮೇಲೆ ಬೆಳೆಸುತ್ತಿದ್ದರು. ಬೇಸಿಗೆ ಬಂದರೆ ಜೆಲೆಟಿನ್ ಕರಗಿ ನೀರಾಗುತ್ತಿತ್ತು. ಕೆಲವು ರೋಗಾಣುಗಳು ಅದನ್ನೇ ಕರಗಿಸಿಬಿಡುತ್ತಿದ್ದವು. ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆ ತಮ್ಮ ಹೆಂಡತಿ ಫ್ಯಾನಿಯನ್ನು, ನೀನು ಮಾಡುವ ಜೆಲ್ಲಿ ಬೇಸಿಗೆಯಲ್ಲೂ ಕರಗುವುದಿಲ್ಲವಲ್ಲ, ಏಕೆ ಎಂದು ಕೇಳಿದರು. ಆಕೆ ಬಳಸುತ್ತಿದ್ದುದು ಅಗರ್. ಜಾವಾ ದ್ವೀಪದಲ್ಲಿದ್ದು ಬಂದ ನೆರೆಯವರಿಂದ ಅದನ್ನು ಕಲಿತಿದ್ದಳು. ಅಂದಿನಿಂದ ಅಗರ್ ಪ್ರಯೋಗಾಲಯ ಸೇರಿತು. ಇಂದಿಗೂ ಆಸ್ಪತ್ರೆಗಳಲ್ಲಿ ರೋಗಾಣು ಪರೀಕ್ಷೆಗೆ ಅದೇ ಬೇಕು. 1882ರಲ್ಲಿ ಕ್ಷಯರೋಗಾಣುವಿನ ಕುರಿತು ಕೋಕ್ ಬರೆದ ಪ್ರಬಂಧದಲ್ಲಿ ಅಗರ್‌ನ ಪ್ರಸ್ತಾಪವಿದೆ, ಫ್ಯಾನಿ ಹೆಸ್ಸೆಯ ಹೆಸರಿಲ್ಲ. ಒಬ್ಬ ಗೃಹಿಣಿಯ ಅಡುಗೆಮನೆಯ ತಿಳಿವಳಿಕೆ ಎಷ್ಟು ದೂರ ಹೋಗಬಲ್ಲದು ನೋಡಿ!

ಫ್ಯಾನಿ ಕಂಡದ್ದನ್ನು ನಮ್ಮ ಹುಬ್ಬಳ್ಳಿಯ ಬೇಸಿಗೆಯಲ್ಲಿ ನೀವೂ ಕಾಣಬಹುದು. ಜೆಲೆಟಿನ್‌ನ ಪುಡ್ಡಿಂಗ್ ಫ್ರಿಜ್‌ನಿಂದ ಹೊರಬಂದು ಸ್ವಲ್ಪ ಹೊತ್ತಿನಲ್ಲೇ ಅಂಚು ಬಿಡುತ್ತದೆ. ಚೀನಾ ಗ್ರಾಸ್‌ನದು ಕರೆಂಟ್ ಹೋದರೂ ಕರಗುವುದಿಲ್ಲ. ಒಮ್ಮೆ ಗಟ್ಟಿಯಾದ ಅಗರ್ ಮತ್ತೆ ಕರಗಲು ಸುಮಾರು 85 ಡಿಗ್ರಿ ಬಿಸಿ ಬೇಕು.

ಮಾಡುವ ವಿಧಾನ

ಚೀನಾ ಗ್ರಾಸ್ ಪುಡ್ಡಿಂಗ್: ಹಾಲು 1 ಲೀಟರ್, ಚೀನಾ ಗ್ರಾಸ್ 10 ಗ್ರಾಂ, ಸಕ್ಕರೆ 150 ಗ್ರಾಂ, ಏಲಕ್ಕಿ ಪುಡಿ ಸ್ವಲ್ಪ, ಬಾದಾಮಿ-ಪಿಸ್ತಾ ಚೂರು. ಚೀನಾ ಗ್ರಾಸ್ ಅನ್ನು ಕತ್ತರಿಯಿಂದ ತುಂಡು ಮಾಡಿ ಒಂದು ದೊಡ್ಡ ಕಪ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಅದೇ ನೀರಿನೊಂದಿಗೆ ಸಣ್ಣ ಉರಿಯಲ್ಲಿಟ್ಟು, ಒಂದು ಎಳೆಯೂ ಉಳಿಯದಂತೆ ಕರಗುವವರೆಗೆ ಕುದಿಸಿ. ಇನ್ನೊಂದು ಒಲೆಯಲ್ಲಿ ಹಾಲಿಗೆ ಸಕ್ಕರೆ ಹಾಕಿ ಕಾಯಿಸಿ. ಬಿಸಿ ಹಾಲಿಗೆ ಬಿಸಿ ಚೀನಾ ಗ್ರಾಸ್ ಅನ್ನು ಸೋಸಿ ಹಾಕಿ ಒಂದು ಕುದಿ ಬರಿಸಿ. ಏಲಕ್ಕಿ ಬೆರೆಸಿ ತಟ್ಟೆಗೆ ಸುರಿದು ಮೇಲೆ ಬಾದಾಮಿ-ಪಿಸ್ತಾ ಉದುರಿಸಿ. ಫ್ರಿಜ್ ಇಲ್ಲದಿದ್ದರೂ ಆರಿದಂತೆ ಗಟ್ಟಿಯಾಗುತ್ತದೆ. ತಣ್ಣಗೆ ಬೇಕಿದ್ದರೆ ಮಾತ್ರ ಫ್ರಿಜ್‌ನಲ್ಲಿಡಿ.

ಹಾಲನ್ನೂ ಬಳಸದವರಿಗೆ ಇದೇ ಅಳತೆಯಲ್ಲಿ ತೆಂಗಿನ ಹಾಲು ಸೊಗಸಾಗುತ್ತದೆ. ಅದನ್ನು ಹೆಚ್ಚು ಕುದಿಸಬೇಡಿ, ಒಡೆಯುತ್ತದೆ.

ಪೇರಲ ಜೆಲ್ಲಿ: ಧಾರವಾಡದ ದಾರಿಯಲ್ಲಿ ನವಲೂರಿನ ಪೇರಲ ಬುಟ್ಟಿಗಳನ್ನು ನೋಡದವರಾರು? ಪೇರಲದೊಳಗೆ ಪೆಕ್ಟಿನ್ ಹೇರಳವಾಗಿದೆ, ಹೊರಗಿನಿಂದ ಅಂಟು ಹಾಕಬೇಕಿಲ್ಲ. ಅರೆಹಣ್ಣಾದ ಪೇರಲ 1 ಕಿಲೋ ಹೋಳು ಮಾಡಿ, ಮುಳುಗುವಷ್ಟು ನೀರು ಹಾಕಿ ಅರ್ಧ ಗಂಟೆ ಬೇಯಿಸಿ. ತೆಳು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ, ಹಿಂಡದೆ ತಾನಾಗಿ ಇಳಿಯುವ ರಸ ಹಿಡಿಯಿರಿ. ಹಿಂಡಿದರೆ ಜೆಲ್ಲಿ ಮಸುಕಾಗುತ್ತದೆ. ಒಂದು ಕಪ್ ರಸಕ್ಕೆ ಮುಕ್ಕಾಲು ಕಪ್ ಸಕ್ಕರೆ, ಒಂದು ಚಮಚ ನಿಂಬೆರಸ ಹಾಕಿ ಕುದಿಸಿ. ಚಮಚದಿಂದ ಹನಿಹನಿಯಾಗಿ ಬೀಳದೆ ಪದರವಾಗಿ ಜಾರಿದರೆ ಇಳಿಸಿ ಬಾಟಲಿಗೆ ತುಂಬಿ. ಮಕ್ಕಳ ಚಪಾತಿಗೆ ಅಂಗಡಿಯ ಜಾಮ್ ಬೇಕಾಗುವುದಿಲ್ಲ.

ತಪ್ಪುವುದು ಎಲ್ಲಿ?

ಜೆಲೆಟಿನ್ ರೂಢಿಯಾದವರು ಅಗರ್ ಪುಡಿಯನ್ನು ಬಿಸಿನೀರಿಗೆ ಹಾಕಿ ಕದಡಿ ಬಿಟ್ಟುಬಿಡುತ್ತಾರೆ. ಅದು ಗಟ್ಟಿಯಾಗುವುದಿಲ್ಲ. ಅಗರ್ ಕುದಿಯಲೇಬೇಕು. ತಣ್ಣನೆಯ ಹಾಲಿಗೆ ಸುರಿದರೆ ಗಂಟುಗಂಟಾಗುತ್ತದೆ. ನಿಂಬೆರಸದಂಥ ಹುಳಿಯನ್ನು ಅಗರ್ ಜೊತೆ ಕುದಿಸಬಾರದು, ಒಲೆಯಿಂದಿಳಿಸಿದ ಮೇಲೆ ಬೆರೆಸಬೇಕು. ಹಸಿ ಅನಾನಸ್, ಪಪ್ಪಾಯಿಗಳು ಜೆಲೆಟಿನ್ ಅನ್ನು ಕರಗಿಸಿಬಿಡುತ್ತವೆ, ಅಗರ್‌ಗೆ ಆ ತೊಂದರೆಯಿಲ್ಲ. ಅಳತೆ ಹೆಚ್ಚಾದರೆ ಪುಡ್ಡಿಂಗ್ ಇಟ್ಟಿಗೆಯಾಗುತ್ತದೆ. ಪುಡಿಯಾದರೆ ಕಾಲು ಲೀಟರ್ ಹಾಲಿಗೆ ಸುಮಾರು 2 ಗ್ರಾಂ, ಅಂದರೆ ಒಂದು ಸಣ್ಣ ಚಮಚ ಸಾಕು.

ಒಂದು ಮಾತು ಒಪ್ಪಿಕೊಳ್ಳಬೇಕು. ಜೆಲೆಟಿನ್‌ನಂತೆ ಬಾಯಲ್ಲಿಟ್ಟೊಡನೆ ಕರಗುವ ಗುಣ ಇದಕ್ಕಿಲ್ಲ. ಸ್ವಲ್ಪ ಕಡಿದು ತಿನ್ನಬೇಕು. ಎಳೆದರೆ ಹಿಗ್ಗುವ ಮಿಠಾಯಿಯೂ ಇದರಿಂದಾಗದು. ಮಕ್ಕಳು ಮೊದಲ ದಿನ ಗೊಣಗಬಹುದು, ಗೊಣಗಲಿ. ಎರಡನೆಯ ಇಫ್ತಾರ್‌ಗೆ ಅವರೇ ಕೇಳುತ್ತಾರೆ.

ಬಟ್ಟಲು ಒಂದು ಅಮಾನತ್

ಸಾರಿಗೆ ಇನ್ನಷ್ಟು ನೀರು ಸೇರಿಸಿಯಾದರೂ ನೆರೆಯವರಿಗೆ ಪಾಲು ಕೊಡಬೇಕೆಂದು ಪ್ರವಾದಿವರ್ಯರು(ಸ) ಅಬೂಝರ್(ರ) ಅವರಿಗೆ ಬುದ್ಧಿ ಹೇಳಿದ್ದನ್ನು ನಾವು ಎಳವೆಯಲ್ಲೇ ಓದಿದ್ದೇವೆ. ಕೊಡುವುದು ಎಷ್ಟು ಮುಖ್ಯವೋ, ಕೊಟ್ಟದ್ದು ಪಡೆದವರಿಗೆ ಸಲ್ಲುವಂತಿರುವುದೂ ಅಷ್ಟೇ ಮುಖ್ಯ. ಯಾರಾದರೂ ನಮಗೆ ತಿಳಿಸದೆ ಹರಾಮ್ ತಿನ್ನಿಸಿದರೆ ನಮ್ಮ ಹೊಟ್ಟೆ ಹೇಗೆ ಉರಿಯುತ್ತದೆ? ಅವರ ನಂಬಿಕೆಗೂ ಅದೇ ತೂಕ. ಕೇಳದೆ ತಿನ್ನುತ್ತಾರೆಂದರೆ ನಮ್ಮನ್ನು ನಂಬಿದ್ದಾರೆಂದು ಅರ್ಥ. ಆ ನಂಬಿಕೆ ನಮ್ಮ ಕೈಯಲ್ಲಿರುವ ಅಮಾನತ್.

ಅವ್ವಾರ ಬಟ್ಟಲಿನ ಕಥೆ ಪೂರ್ತಿ ಮಾಡುತ್ತೇನೆ. 2020 ಮತ್ತು 2021ರ ಈದ್‌ಗಳು ಕೊರೋನಾದ ಲಾಕ್‌ಡೌನ್‌ನಲ್ಲಿ ಕಳೆದವು. ಯಾರ ಮನೆಯ ಬಟ್ಟಲೂ ಹೊಸ್ತಿಲು ದಾಟಲಿಲ್ಲ. 2022ರಲ್ಲಿ ಈದುಲ್ ಫಿತ್ರ್ ಮತ್ತು ಬಸವ ಜಯಂತಿ ಒಂದೇ ದಿನ, ಮೇ 3ರಂದು ಬಂದವು. ಹಿಂದಿನ ಸಂಜೆ ಅವ್ವಾರನ್ನು ಮನೆಗೆ ಕರೆದು, ಅವರೆದುರಿಗೇ ಚೀನಾ ಗ್ರಾಸ್ ನೆನೆಹಾಕಿದೆ. "ಇದೇನ್ ಹುಲ್ಲೇನ್ರಿ ಅಕ್ಕೋರ?" ಎಂದು ಎಳೆಯೊಂದನ್ನು ಬೆಳಕಿಗೆ ಹಿಡಿದು ನೋಡಿದರು. "ಸಮುದ್ರದ ಪಾಚಿರೀ ಅವ್ವಾರ. ಹಾಲು, ಸಕ್ಕರಿ, ಇದು. ಮತ್ತೇನಿಲ್ಲ" ಎಂದೆ. ತಲೆಯಾಡಿಸಿದರು, ಏನೂ ಹೇಳಲಿಲ್ಲ.

ಮರುದಿನ ಬಟ್ಟಲು ಕಳಿಸಿದೆ. ಮಗ್ರಿಬ್‌ಗೆ ಮುಂಚೆಯೇ ಅದು ಹಿಂದೆ ಬಂತು. ಅದರಲ್ಲಿ ಎರಡು ಹೋಳಿಗೆ ಇದ್ದವು, ಮೇಲೆ ತುಪ್ಪ ಹಾಕಿತ್ತು. ಅಲ್‌ಹಮ್ದುಲಿಲ್ಲಾಹ್.

ಸಹೋದರಿ, ಮುಂದಿನ ಈದ್‌ಗೆ ನಿಮ್ಮ ಬಟ್ಟಲು ಹೊಸ್ತಿಲು ದಾಟುವ ಮುನ್ನ ಪೊಟ್ಟಣವನ್ನು ಒಮ್ಮೆ ತಿರುಗಿಸಿ ಓದಿ. ನಮ್ಮ ಉಣಿಸನ್ನೂ ನಮ್ಮ ನೆರೆಹೊರೆಯನ್ನೂ ಅಲ್ಲಾಹನು ಶುದ್ಧವಾಗಿಡಲಿ. ಆಮೀನ್.